ಎಚ್‌ಐವಿ: ಗುಟ್ಟಾಗಿ ಓದುವ ಯುವಕರಿಗೆ ನಾಲ್ಕು ಮಾತು

ಸಂಜೆ ರೋಗಿಗಳೆಲ್ಲ ಹೋದ ಮೇಲೆ ಯುವಕನೊಬ್ಬ ಒಳಗೆ ಬಂದ. 'ತುಂಬಾ ಸುಸ್ತು, ಟಾನಿಕ್ ಬರೆದುಕೊಡಿ ಸಾರ್' ಎಂದ. ನಾಡಿ, ರಕ್ತದೊತ್ತಡ ಸರಿಯಾಗಿದ್ದವು. ಸಮಾಧಾನದಿಂದ ವಿಚಾರಿಸಿದಾಗ ನಿಜ ಹೊರಬಿತ್ತು. ಮೊಬೈಲ್‌ನಲ್ಲಿ ಪರಿಚಯವಾದ ಪುರುಷನೊಡನೆ ಕಾಂಡೋಮ್ ಇಲ್ಲದೆ ಲೈಂಗಿಕ ಸಂಪರ್ಕವಾಗಿ ಐದು ದಿನ ಕಳೆದಿತ್ತು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಐದು ದಿನವೂ ಅವನು ಮೊಬೈಲ್‌ನಲ್ಲೇ ಉತ್ತರ ಹುಡುಕಿದ್ದ. 'ನೋಡಲು ಆರೋಗ್ಯವಂತನಾಗಿದ್ದರೆ ಭಯವಿಲ್ಲ' ಎಂಬುದನ್ನು ನಂಬಿದ್ದ. ಇದು ತಪ್ಪು. ಎಚ್‌ಐವಿ ಸೋಂಕಿತರು ವರ್ಷಗಟ್ಟಲೆ ಆರೋಗ್ಯವಾಗಿಯೇ ಕಾಣಬಹುದು. ಸಂಪರ್ಕದ ನಂತರ 72 ಗಂಟೆಯೊಳಗೆ ಔಷಧಿ ಆರಂಭಿಸಿ 28 ದಿನ ಸೇವಿಸಿದರೆ ಸೋಂಕಿನ ಸಂಭವ ಬಹಳ ಕಡಿಮೆಯಾಗುತ್ತದೆ. ಅವನ ಪಾಲಿಗೆ ಆ ಅವಧಿ ಮೀರಿತ್ತು.

ತಪ್ಪು ಅವನೊಬ್ಬನದಲ್ಲ. ಕಣಕಟ್ಟೆಯಂತಹ ಊರಿನಲ್ಲಿ ಎಲ್ಲರಿಗೂ ಎಲ್ಲರ ಪರಿಚಯ. ನಾವು ವೈದ್ಯರೂ 'ಮದುವೆಯಾಗಿದೆಯೇ?' ಎಂದು ಕೇಳಿ ಸುಮ್ಮನಾಗುತ್ತೇವೆ. ಹಾಗಿರುವಾಗ ಸಲಿಂಗಾಸಕ್ತ, ದ್ವಿಲಿಂಗಾಸಕ್ತ ಯುವಕರಿಗೆ ಮೊಬೈಲೇ ಗುರು.

ಆ ಗುರುವನ್ನು ದೂರುವಂತಿಲ್ಲ. ಮುಂಬೈನ ಹಮ್‌ಸಫರ್ ಟ್ರಸ್ಟ್, ಚೆನ್ನೈನ ವೈ.ಆರ್.ಜಿ. ಕೇರ್‌ನಂತಹ ಸಂಸ್ಥೆಗಳು ಅಂತರ್ಜಾಲದ ಮೂಲಕವೇ ಇಂತಹ ಯುವಕರಿಗೆ ತಿಳಿವಳಿಕೆ ನೀಡಿವೆ. ಒಳ್ಳೆಯ ಮಾಹಿತಿ ನಿಮ್ಮನ್ನು ಪರೀಕ್ಷೆಗೆ ಕಳಿಸುತ್ತದೆ. ಕೆಟ್ಟದ್ದು ಏನನ್ನಾದರೂ ಮಾರುತ್ತದೆ. ಇಷ್ಟು ನೆನಪಿಟ್ಟರೆ ಸಾಕು.

ತಿಳಿದಿರಬೇಕಾದದ್ದು

* ಗುದದ ಒಳಪದರ ಬಲು ತೆಳು, ಬೇಗ ಗಾಯವಾಗುತ್ತದೆ. ಆದ್ದರಿಂದ ಗುದಸಂಭೋಗದಲ್ಲಿ ಸೋಂಕಿನ ಅಪಾಯ ಹೆಚ್ಚು. ಪ್ರತಿ ಬಾರಿಯೂ ಕಾಂಡೋಮ್ ಬೇಕು.

* ನಮ್ಮ ತೆಂಗಿನ ಸೀಮೆಯಲ್ಲಿ ಕೊಬ್ಬರಿ ಎಣ್ಣೆ ಇಲ್ಲದ ಮನೆಯಿಲ್ಲ. ಆದರೆ ಎಣ್ಣೆ, ವ್ಯಾಸಲೀನ್ ಸವರಿದರೆ ಕಾಂಡೋಮ್ ಹರಿಯುತ್ತದೆ. ನೀರಿನಂಶದ ಜಾರುಕವನ್ನೇ ಬಳಸಿ.

* ಮೇಲಿಂದ ಮೇಲೆ ಅಪಾಯಕ್ಕೆ ಒಳಗಾಗುವವರಿಗೆ 'ಪ್ರೆಪ್' ಎಂಬ ಮುನ್ನೆಚ್ಚರಿಕೆಯ ಮಾತ್ರೆಯಿದೆ. ಮೊದಲು ರಕ್ತಪರೀಕ್ಷೆ, ವೈದ್ಯರ ಸಲಹೆ ಅಗತ್ಯ.

* ಸರ್ಕಾರಿ ಆಸ್ಪತ್ರೆಗಳ ಐ.ಸಿ.ಟಿ.ಸಿ. ಕೇಂದ್ರಗಳಲ್ಲಿ ಪರೀಕ್ಷೆ ಉಚಿತ. ಮೊದಲ ಸಲ ಸೋಂಕಿಲ್ಲವೆಂದು ಬಂದರೂ ಮೂರು ತಿಂಗಳ ನಂತರ ಮತ್ತೆ ಮಾಡಿಸಿ.

* ಸೋಂಕಿದ್ದರೆ ಎ.ಆರ್.ಟಿ. ಔಷಧಿಯೂ ಉಚಿತ. ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇತರರಿಗೆ ಹರಡದು.

* ಉಚಿತ ಸಹಾಯವಾಣಿ: 1097.

ಕಾನೂನಿನ ಭಯ ಬೇಡ. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿದೆ. ಪರೀಕ್ಷೆಯ ಫಲಿತಾಂಶ ಗುಟ್ಟಾಗಿಡಬೇಕೆಂದು 2017ರ ಎಚ್‌ಐವಿ ಕಾಯಿದೆ ಹೇಳುತ್ತದೆ.

ತಂದೆತಾಯಿಗಳಿಗೆ ಒಂದು ಮಾತು. 'ಮದುವೆ ಮಾಡಿದರೆ ಸರಿಹೋಗುತ್ತಾನೆ' ಎನ್ನಬೇಡಿ. ಮದುವೆಯಿಂದ ಆಕರ್ಷಣೆ ಬದಲಾಗದು. ಏನೂ ಅರಿಯದ ಹೆಣ್ಣುಮಗಳೂ ಅಪಾಯಕ್ಕೆ ಸಿಲುಕುತ್ತಾಳೆ. ಮಗ ನಿಮ್ಮೊಡನೆ ಮಾತನಾಡಲು ಬಂದರೆ ಬೈಯದೆ ಕೇಳಿ.

ಆ ಯುವಕನಿಗೆ ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ಸೋಂಕು ಇರಲಿಲ್ಲ. ಅದು ಅವನ ಅದೃಷ್ಟ. ಎಲ್ಲರೂ ಅದೃಷ್ಟವನ್ನೇ ನಂಬಿ ಕೂರುವಂತಿಲ್ಲ. ಈಗ ನಾನೂ ನನ್ನ ರೋಗಿಗಳನ್ನು 'ಮದುವೆಯಾಗಿದೆಯೇ?' ಎಂದಷ್ಟೇ ಕೇಳಿ ನಿಲ್ಲಿಸುವುದಿಲ್ಲ.