ತೊಪ್ಪೂರು ಘಾಟಿಯ ಕಣಗಿಲೆ

ಧರ್ಮಪುರಿ ದಾಟಿ ಸೇಲಂ ಕಡೆ ಇಳಿಯುವ ತೊಪ್ಪೂರು ಘಾಟಿಯಲ್ಲಿ ಮೊದಲು ಮೂಗಿಗೆ ಬಡಿಯುವುದು ಲಾರಿಗಳ ಬ್ರೇಕು ಕಾದ ವಾಸನೆ. ಅಪಘಾತಗಳಿಂದಲೇ ಹೆಸರಾದ ಇಳಿಜಾರಿದು. 1790ರ ನವೆಂಬರಿನಲ್ಲಿ ಟಿಪ್ಪುವಿನ ಸೈನ್ಯ ಬ್ರಿಟಿಷ್ ಜನರಲ್ ಮೆಡೋಸ್‌ನ ಕೈಗೆ ಸಿಗದೆ ದಕ್ಷಿಣಕ್ಕೆ ಜಾರಿದ್ದೂ ಈ ಕಣಿವೆಯಲ್ಲೇ. ನಾನು ಬಂದದ್ದು ಮಾತ್ರ ಹೆದ್ದಾರಿಯ ನಡುವಣ ದಿಬ್ಬದಲ್ಲಿ ಹೂಬಿಟ್ಟು ನಿಂತ ಕಣಗಿಲೆಗಾಗಿ.

ಒಂದು ರೆಂಬೆಯನ್ನು ಹತ್ತಿರದಿಂದ ನೋಡಿ. ಒಂದೊಂದು ಗಿಣ್ಣಿನಲ್ಲೂ ಮೂರು ಮೂರು ಎಲೆ; ಚರ್ಮದಷ್ಟು ದಪ್ಪ, ಭರ್ಜಿಯ ಮೊನೆ. ಎಲೆಯ ಅಡಿಯಲ್ಲಿ ಸಣ್ಣ ಸಣ್ಣ ಗುಳಿಗಳು, ಗುಳಿಯೊಳಗೆ ರೋಮ, ಉಸಿರಾಡುವ ರಂಧ್ರಗಳು ಅದರ ಮರೆಯಲ್ಲಿ. ಡಾಂಬರಿನ ಝಳದಲ್ಲೂ ನೀರು ಸುಮ್ಮನೆ ಆರಿಹೋಗದು. ನಸುಗೆಂಪು ಹೂವಿನ ಗಂಟಲಲ್ಲಿ ಅಂಚು ಹರಿದ ಜಾಲರಿ. ಒಳಗೆ ಮಕರಂದವಿಲ್ಲ, ಬಂದ ಕೀಟಕ್ಕೆ ಬರೀ ಮೋಸ.

ರಸ್ತೆ ಪಕ್ಕ ಆಡು ಮೇಯಿಸುತ್ತಿದ್ದ ಅಜ್ಜಿ ಕನ್ನಡದಲ್ಲೇ ಮಾತಿಗೆ ಸಿಕ್ಕರು. "ಆಡು ಏನ್ ಬಿಟ್ರೂ ತಿಂತದೆ ಸಾಮಿ, ಇದ್ನ ಮಾತ್ರ ಮೂಸಲ್ಲ." ಹೆದ್ದಾರಿಯವರಿಗೆ ಬೇಕಾದ್ದೂ ಅದೇ. ಬೇಲಿ ಬೇಡ, ಕಾವಲು ಬೇಡ, ಎದುರು ಗಾಡಿಯ ದೀಪ ಕಣ್ಣಿಗೆ ಕುಕ್ಕದಂತೆ ಮರೆಯೂ ಆಯಿತು. ವಿಷವೇ ಇದರ ಅರ್ಹತಾಪತ್ರ! ಬೇರಿನಿಂದ ಹೂವಿನವರೆಗೆ ಗಿಡದ ತುಂಬ ಓಲಿಯಾಂಡ್ರಿನ್‌ನಂಥ ವಿಷಗಳಿವೆ. ಅವು ಹೃದಯದ ಜೀವಕೋಶಗಳಲ್ಲಿ ಸೋಡಿಯಂ-ಪೊಟ್ಯಾಸಿಯಂ ಸಾಗಿಸುವ ಪಂಪನ್ನು ತಡೆಯುತ್ತವೆ. ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಬಡಿತದ ತಾಳ ತಪ್ಪುತ್ತದೆ. ಒಣಗಿದ ಎಲೆಯಲ್ಲೂ ವಿಷ ಉಳಿಯುವುದರಿಂದ ಕಡಿದ ಸೊಪ್ಪನ್ನು ದನದ ಮುಂದೆ ಹಾಕುವಂತಿಲ್ಲ, ಸೌದೆಯಾಗಿಯೂ ಉರಿಸುವಂತಿಲ್ಲ.

ಇಷ್ಟಾಗಿಯೂ ಸೇಲಂ ಬಳಿಯ ಪನಮರತ್ತುಪಟ್ಟಿಯ ಕಡೆ ಇದು ಹೊಟ್ಟೆ ಹೊರೆಯುವ ಬೆಳೆ. ನಸುಕಿನಲ್ಲೇ ಮೊಗ್ಗು ಬಿಡಿಸಿ ಸೇಲಂ ಪೇಟೆಗೆ ಸಾಗಿಸುತ್ತಾರೆ, ಅಲ್ಲಿಂದ ಮಾಲೆಗೆ, ದೇವಸ್ಥಾನಕ್ಕೆ. ನಮ್ಮ ಕಡೆಯೂ ಶಿವಪೂಜೆಗೆ ಕಣಗಿಲೆ ಬೇಕೇ ಬೇಕು. ಮಾಲೆಯನ್ನು ಯಾರೂ ತಿನ್ನುವುದಿಲ್ಲವಲ್ಲ. ಕೇರಳದ ರೂಢಿ ಬೇರೆ, ಅಲ್ಲಿ ಎಸಳು ಪ್ರಸಾದದ ಜೊತೆಗೇ ಭಕ್ತರ ಕೈಗೆ ಬರುತ್ತಿತ್ತು. ಯುವ ನರ್ಸ್ ಒಬ್ಬರ ಸಾವಿಗೆ ಈ ಗಿಡವೇ ಕಾರಣವೆಂಬ ಶಂಕೆ ಎದ್ದ ಮೇಲೆ, 2024ರ ಮೇ ತಿಂಗಳಲ್ಲಿ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ನೈವೇದ್ಯ, ಪ್ರಸಾದಗಳಲ್ಲಿ ಇದನ್ನು ನಿಲ್ಲಿಸಿದವು. ತುಳಸಿ, ತೆಚ್ಚಿ ಹೂಗಳನ್ನು ಬಳಸಿ ಎಂದವು.