ಮಾಲ್ಟ್ ಬಾರ್ಲಿ: ಹಿಂದಿನ ಬೆಳೆಯ ಲೆಕ್ಕ ತಪ್ಪಿದರೆ ಕಾಳಿನ ಗುಣವೂ ತಪ್ಪುತ್ತದೆ

ಕೆನಡಾದ ಆಲ್ಬರ್ಟಾ, ಸಸ್ಕ್ಯಾಚೆವಾನ್ ಬಯಲುಗಳಲ್ಲಿ ಬಾರ್ಲಿಗೆ ಎರಡು ಬೆಲೆ. ಬಿಯರ್‌ಗಾಗಿ ಕಾಳನ್ನು ಮೊಳೆಸಿ ಒಣಗಿಸುವ ಮಾಲ್ಟ್ ತಯಾರಕರು ಒಪ್ಪಿದರೆ ಒಳ್ಳೆಯ ದರ. ಒಪ್ಪದಿದ್ದರೆ ಅದೇ ಕಾಳು ಪಶು ಆಹಾರಕ್ಕೆ ಹೋಗುತ್ತದೆ. ತಳಿ, ಮಳೆ, ಗೊಬ್ಬರಗಳ ಜೊತೆಗೆ ಹೊಲದಲ್ಲಿ ಹಿಂದಿನ ವರ್ಷ ಏನಿತ್ತು ಎಂಬುದೂ ಇದನ್ನು ತೀರ್ಮಾನಿಸುತ್ತದೆ. ಈ ಬಗ್ಗೆ ಕೆಲವು ತಪ್ಪು ತಿಳಿವಳಿಕೆಗಳಿವೆ.

ತಪ್ಪು ಕಲ್ಪನೆ 1: ಪ್ರೋಟೀನ್ ಹೆಚ್ಚಿದಷ್ಟೂ ಕಾಳು ಉತ್ತಮ.
ವಾಸ್ತವ: ಊಟದ ಧಾನ್ಯಕ್ಕೆ ಈ ಮಾತು ಒಪ್ಪಬಹುದು, ಮಾಲ್ಟ್‌ಗೆ ಒಪ್ಪದು. ಪ್ರೋಟೀನ್ ಏರಿದರೆ ಪಿಷ್ಟ ಇಳಿಯುತ್ತದೆ, ಕಾಳು ನಿಧಾನವಾಗಿ ನೀರು ಹೀರುತ್ತದೆ, ಬಿಯರ್ ಮಬ್ಬಾಗಬಹುದು. ತೀರಾ ಕಡಿಮೆಯಾದರೆ ಕಿಣ್ವಗಳೂ ಯೀಸ್ಟ್‌ಗೆ ಬೇಕಾದ ಪೋಷಣೆಯೂ ಸಾಲವು. ಕೆನಡಾದಲ್ಲಿ ಸಾಮಾನ್ಯವಾಗಿ ಶೇ 11ರಿಂದ 12.5ರಷ್ಟು ಪ್ರೋಟೀನ್ ಇರುವ ಕಾಳನ್ನು ಬಯಸುತ್ತಾರೆ.

ತಪ್ಪು ಕಲ್ಪನೆ 2: ಬಟಾಣಿ, ಮಸೂರ ಬೆಳೆದ ಹೊಲಕ್ಕೆ ಮಾಲ್ಟ್ ಬಾರ್ಲಿ ಹಾಕಲೇಬಾರದು.
ವಾಸ್ತವ: ಭಯಕ್ಕೆ ಕಾರಣವಿದೆ. ದ್ವಿದಳ ಬೆಳೆಯ ಬೇರು, ಸೊಪ್ಪು ಕೊಳೆಯುತ್ತಾ ಬಿಡುವ ಸಾರಜನಕ ಬೆಳೆಗೆ ತಡವಾಗಿ ಸಿಕ್ಕರೆ, ಇಳುವರಿಗಿಂತ ಕಾಳಿನ ಪ್ರೋಟೀನನ್ನೇ ಹೆಚ್ಚಿಸುತ್ತದೆ. ಬರ ಬಿದ್ದ ವರ್ಷ ಕಾಳು ತುಂಬದೆ ಈ ತೊಂದರೆ ಇನ್ನೂ ಬಿಗಡಾಯಿಸುತ್ತದೆ. ಆದರೆ ತೇವ ಚೆನ್ನಾಗಿದ್ದರೆ ಅದೇ ಸಾರಜನಕ ಇಳುವರಿಯಾಗುತ್ತದೆ. ದ್ವಿದಳ ಬೆಳೆ ಬಾರ್ಲಿಯ ಎಲೆರೋಗಗಳ ಸರಪಳಿಯನ್ನೂ ಕಡಿಯುತ್ತದೆ. ಆದ್ದರಿಂದ ಬಿಡಬೇಕಾದದ್ದು ಬಟಾಣಿಯನ್ನಲ್ಲ, ಎಂದಿನ ಪ್ರಮಾಣದಲ್ಲೇ ಗೊಬ್ಬರ ಸುರಿಯುವ ಅಭ್ಯಾಸವನ್ನು.

ತಪ್ಪು ಕಲ್ಪನೆ 3: ಬಾರ್ಲಿಯ ಮೇಲೆ ಬಾರ್ಲಿ ಬಿತ್ತಿದರೆ ಸಾರಜನಕ ತಗ್ಗಿ ಗುಣಮಟ್ಟ ಉಳಿಯುತ್ತದೆ.
ವಾಸ್ತವ: ಹಳೆಯ ಕೂಳೆಯಲ್ಲಿ ಎಲೆಚುಕ್ಕೆ ರೋಗದ ಶಿಲೀಂಧ್ರಗಳು ಉಳಿದು ಹೊಸ ಪೈರಿಗೆ ಹತ್ತುತ್ತವೆ. ಎಲೆ ಬೇಗ ಒಣಗಿ ಕಾಳು ಜೊಳ್ಳಾಗುತ್ತದೆ. ಹಿಂದಿನ ವರ್ಷ ಉದುರಿದ ಬೇರೆ ತಳಿಯ ಕಾಳೂ ಮೊಳೆತು ಬೆರೆಯುತ್ತದೆ. ರಾಗಿ ಮೊಳಕೆ ಕಟ್ಟುವವರಿಗೆ ಗೊತ್ತಿರುವಂತೆ, ಮಾಲ್ಟ್ ಮಾಡುವಾಗಲೂ ಎಲ್ಲ ಕಾಳೂ ಒಟ್ಟಿಗೆ ಮೊಳೆಯಬೇಕು. ತಳಿ ಬೆರೆತರೆ ಅದು ಸಾಧ್ಯವಿಲ್ಲ.

ತಪ್ಪು ಕಲ್ಪನೆ 4: ಬೆಳೆ ಬದಲಾದರೆ ಸಾಕು, ಗೋಧಿಯೋ ಮೆಕ್ಕೆಜೋಳವೋ ನಡೆಯುತ್ತದೆ.
ವಾಸ್ತವ: ತೆನೆಗೆ ರೋಗ ತರುವ ಫ್ಯುಸೇರಿಯಂ ಶಿಲೀಂಧ್ರ ಈ ಎರಡರ ಕೂಳೆಯಲ್ಲೂ ಬದುಕಿರುತ್ತದೆ. ಅದರ ವಿಷ ಮಾಲ್ಟ್‌ವರೆಗೂ ಉಳಿಯಬಲ್ಲದು. ಸೋಂಕಿದ ಕಾಳಿನಿಂದ ಮಾಡಿದ ಬಿಯರ್ ಮುಚ್ಚಳ ತೆಗೆದೊಡನೆ ಉಕ್ಕಿ ಹರಿಯಬಹುದು. 1993ರ ಅತಿಮಳೆಯ ಹಾವಳಿಯಲ್ಲಿ ಅಮೆರಿಕ–ಕೆನಡಾ ಗಡಿಭಾಗದ ರೆಡ್ ನದಿ ಕಣಿವೆಯ ಗೋಧಿ, ಬಾರ್ಲಿ ಬೆಳೆಗಾರರು ಈ ರೋಗದಿಂದ ಭಾರಿ ನಷ್ಟ ಅನುಭವಿಸಿದರು.

ಮಾಲ್ಟ್ ಬಾರ್ಲಿಗೆ ಹೊಲ ಆರಿಸುವಾಗ ಕಳೆದ ವರ್ಷದ ಬೆಳೆ, ಅದರ ರೋಗ, ಮಣ್ಣಿನಲ್ಲಿ ಉಳಿದ ಸಾರಜನಕ, ಈ ಮೂರನ್ನೂ ನೋಡಲೇಬೇಕು. ಮಣ್ಣು ಪರೀಕ್ಷೆಗೆ ತಗಲುವ ಖರ್ಚು, ತಿರಸ್ಕೃತ ಫಸಲಿನ ನಷ್ಟದ ಮುಂದೆ ಬಹಳ ಚಿಕ್ಕದು.