ಸ್ಪೀಡೋಮೀಟರ್ ಹೆಚ್ಚು ತೋರಿಸಿದರೆ ಓಡಿದ ಕಿಲೋಮೀಟರೂ ಹೆಚ್ಚೇ?

ಹೆದ್ದಾರಿಯಲ್ಲಿ ಕಾರಿನ ಮುಳ್ಳು 100ರಲ್ಲಿರುವಾಗ ಮೊಬೈಲಿನ ಜಿಪಿಎಸ್ 95 ಎನ್ನುತ್ತದೆ. ಕೂಡಲೇ ಅನುಮಾನ ಬರುತ್ತದೆ: ಹಾಗಾದರೆ ಓಡೋಮೀಟರ್‌ ತೋರಿಸುವ ಕಿಲೋಮೀಟರೂ ಸುಳ್ಳೇ? ಸರ್ವಿಸ್, ವಾರಂಟಿ, ಮೈಲೇಜ್, ಹಳೆಯ ಕಾರಿನ ಬೆಲೆ ಎಲ್ಲವೂ ಆ ಅಂಕಿಯ ಮೇಲೆಯೇ ನಿಂತಿವೆ. ಹಾಗಾಗಿ ಈ ಗೊಂದಲ ಬಗೆಹರಿಯಲೇಬೇಕು.

ತಪ್ಪು ಕಲ್ಪನೆ 1: ವೇಗ ಹೆಚ್ಚು ತೋರಿಸುವ ಮೀಟರ್ ಕೆಟ್ಟಿದೆ.

ವಾಸ್ತವ: ಈ ಅಂತರ ಬೇಕೆಂದೇ ಇಟ್ಟದ್ದು. ವಿಶ್ವಸಂಸ್ಥೆಯ ವಾಹನ ನಿಯಮಾವಳಿ 39ರ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತೆಯೇ ಇಲ್ಲ. ಹೆಚ್ಚು ತೋರಿಸಬಹುದು, ಅದಕ್ಕೂ ನಿಜವೇಗದ ಶೇ 10 ಮತ್ತು 4 ಕಿ.ಮೀ. ಸೇರಿದಷ್ಟು ಮಿತಿಯಿದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಮುಳ್ಳು 92ರವರೆಗೆ ಹೋದರೂ ನಿಯಮ ಮೀರಿದಂತಲ್ಲ. ಚಾಲಕ ತನಗೆ ತಿಳಿಯದಂತೆ ವೇಗಮಿತಿ ದಾಟಬಾರದು ಎಂಬುದೇ ಇದರ ಉದ್ದೇಶ.

ತಪ್ಪು ಕಲ್ಪನೆ 2: ವೇಗ ಶೇ 5ರಷ್ಟು ಹೆಚ್ಚು ತೋರಿಸಿದರೆ, ಓಡಿದ ದೂರವೂ ಶೇ 5ರಷ್ಟು ಹೆಚ್ಚು ದಾಖಲಾಗುತ್ತದೆ.

ವಾಸ್ತವ: ಎರಡೂ ಒಂದೇ ಕಡೆಯಿಂದ ಹೊರಟರೂ ದಾರಿ ಬೇರೆ. ಜರ್ಮನಿಯ ಓಟೊ ಶುಲ್ಜ್ 1902ರಲ್ಲಿ ಪೇಟೆಂಟ್ ಪಡೆದ ವಿಧಾನವೇ ಹಳೆಯ ಕಾರುಗಳಲ್ಲಿತ್ತು. ಗೇರ್‌ಬಾಕ್ಸಿನಿಂದ ಬಂದ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಸೆಳೆತಕ್ಕೆ ಲೋಹದ ಪುಟ್ಟ ಬಟ್ಟಲು ಸ್ಪ್ರಿಂಗಿನ ಹಿಡಿತವನ್ನು ಎದುರಿಸಿ ಹೊರಳಿ ಮುಳ್ಳನ್ನು ಏರಿಸುತ್ತದೆ. ಓಡೋಮೀಟರಿಗಾದರೋ ಅದೇ ಕೇಬಲ್ಲಿನಿಂದ ಹಲ್ಲುಚಕ್ರಗಳ ನೇರ ಜೋಡಣೆ. ಸ್ಪ್ರಿಂಗ್ ಸಡಿಲವಾದರೆ ಮುಳ್ಳು ಹೆಚ್ಚು ಏರುತ್ತದೆ; ಹಲ್ಲುಚಕ್ರಗಳ ಎಣಿಕೆ ಮಾತ್ರ ತಪ್ಪುವುದಿಲ್ಲ. ಈಗಿನ ಕಾರುಗಳಲ್ಲಿ ಸೆನ್ಸರ್ ಚಕ್ರದ ಸುತ್ತುಗಳನ್ನು ಎಣಿಸುತ್ತದೆ. ಸಾಫ್ಟ್‌ವೇರ್ ಸಾಮಾನ್ಯವಾಗಿ ವೇಗ ತೋರಿಸುವಾಗಷ್ಟೇ ಒಂದಿಷ್ಟು ಸೇರಿಸುತ್ತದೆ, ದೂರಕ್ಕೆ ಸೇರಿಸುವುದಿಲ್ಲ.

ತಪ್ಪು ಕಲ್ಪನೆ 3: ಹಾಗಾದರೆ ಓಡೋಮೀಟರ್ ತಪ್ಪುವುದೇ ಇಲ್ಲ.

ವಾಸ್ತವ: ಅದಕ್ಕೆ ಗೊತ್ತಿರುವುದು ಸುತ್ತುಗಳ ಸಂಖ್ಯೆ ಮಾತ್ರ, ಟೈರಿನ ಗಾತ್ರ ಗೊತ್ತಿಲ್ಲ. 185/65 ಆರ್15 ಅಳತೆಯ ಹೊಸ ಟೈರಿನ ವ್ಯಾಸ ಸುಮಾರು 621 ಮಿ.ಮೀ. ಅದರ ತುಳಿಮೈಯ ಹಳ್ಳ 8 ಮಿ.ಮೀ.ಯಿಂದ 1.6 ಮಿ.ಮೀ.ಗೆ ಸವೆದರೆ ವ್ಯಾಸ 13 ಮಿ.ಮೀ.ಯಷ್ಟು, ಅಂದರೆ ಸುಮಾರು ಶೇ 2ರಷ್ಟು ಇಳಿಯುತ್ತದೆ. ಅಷ್ಟೇ ದೂರಕ್ಕೆ ಚಕ್ರ ಹೆಚ್ಚು ಸುತ್ತುತ್ತದೆ, ಓಡೋಮೀಟರ್ ಹೆಚ್ಚು ಬರೆದುಕೊಳ್ಳುತ್ತದೆ. 195/65 ಹಾಕಿಸಿದರೆ ಇದಕ್ಕೆ ತದ್ವಿರುದ್ಧ: 510 ಕಿ.ಮೀ. ಓಡಿದರೂ ದಾಖಲಾಗುವುದು ಸುಮಾರು 500. ಆಗ ವೇಗವೂ ಇದ್ದದ್ದಕ್ಕಿಂತ ಕಡಿಮೆ ಕಾಣಬಹುದು.

ತಯಾರಕರ ಲೆಕ್ಕವೂ ಪ್ರಶ್ನಾತೀತವಲ್ಲ. ಓಡೋಮೀಟರ್ ಹೆಚ್ಚು ತೋರಿಸುತ್ತದೆ ಎಂದು ಅಮೆರಿಕದಲ್ಲಿ ಗ್ರಾಹಕರು ಹೂಡಿದ್ದ ದಾವೆಯನ್ನು ಹೋಂಡಾ 2007ರಲ್ಲಿ ರಾಜಿಯಲ್ಲಿ ಮುಗಿಸಿ, ವಾರಂಟಿಯ ದೂರದ ಮಿತಿಯನ್ನು ಶೇ 5ರಷ್ಟು ಹೆಚ್ಚಿಸಿತು.

ತಪ್ಪು ಕಲ್ಪನೆ 4: ದೊಡ್ಡ ಟೈರ್ ಹಾಕಿದ ಮೇಲೆ ಮೈಲೇಜ್ ಬಿತ್ತು ಎಂದರೆ ಎಂಜಿನ್ನಿಗೆ ಹೊರೆಯಾಯಿತು.

ವಾಸ್ತವ: ಮೊದಲು ಲೆಕ್ಕ ಸರಿಪಡಿಸಿಕೊಳ್ಳಿ. ಮೇಲಿನ ಉದಾಹರಣೆಯಲ್ಲಿ 30 ಲೀಟರ್ ಪೆಟ್ರೋಲ್ ಖರ್ಚಾಗಿದ್ದರೆ ಓಡೋಮೀಟರ್ ಪ್ರಕಾರ ಮೈಲೇಜ್ 16.7, ನಿಜವಾಗಿ 17. ಅಗಲದ ಟೈರ್ ಒಂದಿಷ್ಟು ಇಂಧನ ಹೆಚ್ಚು ಕೇಳಬಹುದು, ನಿಜ. ಆದರೆ ಕುಸಿತದ ಒಂದು ಪಾಲು ಬರೀ ಅಂಕಿಯಲ್ಲಿ ಆದದ್ದು. ಸವೆದ ಟೈರಿನಲ್ಲಿ ಸಿಗುವ ಒಳ್ಳೆಯ ಮೈಲೇಜನ್ನೂ ಹೀಗೆಯೇ ಪೂರ್ತಿ ನಂಬುವಂತಿಲ್ಲ.

ತಪ್ಪು ಕಲ್ಪನೆ 5: ಜಿಪಿಎಸ್ ಹೇಳಿದ ದೂರವೇ ಅಂತಿಮ.

ವಾಸ್ತವ: ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಅದರ ವೇಗದ ಅಂಕಿ ನಂಬಿಕೆಗೆ ಅರ್ಹ. ದೂರದ ಮಾತು ಬೇರೆ. ಜಿಪಿಎಸ್ ಆಗಾಗ ಹಿಡಿದ ಬಿಂದುಗಳನ್ನು ಗೆರೆ ಎಳೆದು ಕೂಡಿಸುತ್ತದೆ. ಆಗುಂಬೆಯಂಥ ಘಾಟಿಯ ತಿರುವುಗಳಲ್ಲಿ ಗೆರೆ ಅಡ್ಡಹಾಯ್ದರೆ ದೂರ ಕಡಿಮೆಯಾಗುತ್ತದೆ. ಸುರಂಗದಲ್ಲಿ ಸಂಕೇತವೇ ಸಿಗುವುದಿಲ್ಲ.

ಪರೀಕ್ಷೆಗೆ ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳೇ ಸಾಕು. ಒಂದು ಕಲ್ಲಿನ ಬಳಿ ಟ್ರಿಪ್ ಮೀಟರ್ ಸೊನ್ನೆ ಮಾಡಿ, 20 ಕಿ.ಮೀ. ದಾಟಿದ ಮೇಲೆ ಇನ್ನೊಂದು ಕಲ್ಲಿನ ಬಳಿ ಹೋಲಿಸಿ ನೋಡಿ. ಓದುವ ಕೆಲಸವನ್ನು ಪಕ್ಕದಲ್ಲಿ ಕೂತವರಿಗೆ ಬಿಡಿ. ಟೈರ್ ಬದಲಿಸುವಾಗ ತಯಾರಕರು ಸೂಚಿಸಿದ ಅಳತೆಯನ್ನೇ ಕೇಳಿ ಹಾಕಿಸಿ. ನಿಮ್ಮ ಕಿಲೋಮೀಟರ್ ಲೆಕ್ಕವನ್ನು ಕೆಡಿಸುವುದು ಹೆಚ್ಚಾಗಿ ವೇಗದ ಮುಳ್ಳಲ್ಲ, ಟೈರಿನ ಗಾತ್ರ.